ಸಕುಟುಂಬ ಎಂದು ಅಚ್ಚು ಹಾಕಿಸಿ, ಮಗನನ್ನು ಬಿಟ್ಟು ಬನ್ನಿ ಎನ್ನುವವರಿಗೆ

ತಿಪಟೂರು ಸೀಮೆಯ ನಮ್ಮ ಹಳ್ಳಿಯ ಹಿರಿಯರಿಗೆ, ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ಜಾತ್ರಾ ಸಮಿತಿಯವರಿಗೆ, ಶಾಲೆಯ ಮೇಷ್ಟ್ರುಗಳಿಗೆ, ನನ್ನ ಓರಗೆಯ ಎಲ್ಲ ಹೆಣ್ಣುಮಕ್ಕಳಿಗೆ,

ನಮಸ್ಕಾರ.

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಲಗ್ನಪತ್ರಿಕೆ ಇದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದಾರೆ. ಒಳಗೆ, ಎಲ್ಲ ಪತ್ರಿಕೆಗಳಲ್ಲಿ ಇರುವಂತೆಯೇ, ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು’ ಎಂದು ಅಚ್ಚಾಗಿದೆ. ಅದನ್ನು ಕೊಡಲು ಬಂದವರು ದೂರದವರಲ್ಲ. ನಮ್ಮ ಯಜಮಾನರ ದಾಯಾದಿಗಳು, ನಾನು ಅತ್ತೆ, ಮಾವ ಎಂದೇ ಕರೆಯುವವರು. ಅತ್ತೆ ನನ್ನ ಹಣೆಗೆ ಕುಂಕುಮ ಇಟ್ಟರು, ಮಡಿಲಿಗೆ ಅಕ್ಕಿ, ಎಲೆ ಅಡಿಕೆ ಹಾಕಿದರು, ಕಾಫಿ ಕುಡಿದರು. ಹೊಸಿಲು ದಾಟಿದ ಮೇಲೆ ತಿರುಗಿ ನಿಂತು, ದನಿ ತಗ್ಗಿಸಿ ಹೇಳಿದರು: ‘ನೀವಿಬ್ಬರೂ ಚಪ್ಪರದ ದಿನವೇ ಬಂದುಬಿಡಿ. ಅವನನ್ನು ನಿಮ್ಮ ತಾಯಿಯ ಹತ್ತಿರ ಬಿಟ್ಟು ಬಂದರೆ ನಿಮಗೂ ನೆಮ್ಮದಿ.’

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಅದು ಗೊತ್ತು. ನನ್ನ ಬಾಣಂತನದಲ್ಲಿ ಹನ್ನೊಂದು ದಿನ ಬೆಳಗಿನ ಜಾವಕ್ಕೆ ಎದ್ದು ಬಂದು ಮಗುವಿಗೆ ಎಣ್ಣೆ ನೀರು ಹಾಕಿದ ಕೈ ಅದು. ಅದೇ ಮಗುವನ್ನು ಈಗ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ. ಮಗ ಆಗ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಚಿಲಕವನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಅವನಿಗೆ ಮಾತು ಬರುವುದಿಲ್ಲ. ಕಿವಿ ಕೇಳಿಸುತ್ತದೆ, ನಮಗಿಂತ ಚೆನ್ನಾಗಿ ಕೇಳಿಸುತ್ತದೆ. ನಾನು ಅತ್ತೆಗೆ ಆಗಲಿ ಎಂದೆ. ಆ ಹೊತ್ತಿಗೆ ಬೇರೇನೂ ತೋಚಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ, ಒಬ್ಬರಿಗಲ್ಲ, ಇಡೀ ಊರಿಗೆ.

ಮಗನ ಹೆಸರು ಇಲ್ಲಿ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತಿದೆ, ಆದರೂ ನಿಮ್ಮಲ್ಲಿ ಬಹಳ ಮಂದಿ ಆ ಹೆಸರಿನಿಂದ ಅವನನ್ನು ಕರೆಯುವುದಿಲ್ಲ. ನಾನು ಪುಟ್ಟ ಎನ್ನುತ್ತೇನೆ. ವಯಸ್ಸು ಹನ್ನೊಂದು. ಮೂರೂವರೆ ವರ್ಷದವನಿದ್ದಾಗ ಆಟಿಸಂ ಎಂದು ವೈದ್ಯರು ಗುರುತಿಸಿದರು. ಅರಸೀಕೆರೆಯಲ್ಲಿ ರೈಲು ಬದಲಿಸಿ, ಹಾಸನದ ಮೇಲೆ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕೂತ ದಿನಗಳನ್ನು ಲೆಕ್ಕ ಇಟ್ಟಿಲ್ಲ. ಅಲ್ಲಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತ ತಾಯಂದಿರಲ್ಲಿ ಬೀದರಿನವರೂ ಇದ್ದರು, ಕೊಡಗಿನವರೂ ಇದ್ದರು. ‘ನಿಮ್ಮ ಮಗು ಏಕೆ ಹೀಗೆ’ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ‘ಊಟ ಮಾಡುತ್ತಾನಾ, ನಿದ್ದೆ ಮಾಡುತ್ತಾನಾ’ ಎಂದು ಕೇಳುತ್ತಿದ್ದರು. ಊರಿನಲ್ಲಿ ನನಗೆ ಸಿಗದ ನೆಂಟಸ್ತಿಕೆ ಆ ಮರದ ಕೆಳಗೆ ಸಿಕ್ಕಿತ್ತು.

ಪುಟ್ಟನನ್ನು ನೀವು ನೋಡಿರುವುದು ಬೀದಿಯಲ್ಲಿ, ಕೈ ಬಡಿಯುತ್ತ ಓಡುವಾಗ, ಕಿವಿ ಮುಚ್ಚಿಕೊಂಡು ಕೂಗುವಾಗ. ಅವನನ್ನು ನಮ್ಮ ಅಟ್ಟದ ಕೆಳಗೆ ನೋಡಬೇಕು. ನಮ್ಮದು ಉಂಡೆ ಕೊಬ್ಬರಿಯ ಸೀಮೆ, ಹತ್ತು ಹನ್ನೊಂದು ತಿಂಗಳು ಕಾಯಿ ಅಟ್ಟದ ಮೇಲೆ ಮಲಗಿರುತ್ತದೆ. ಮೊದಲು ಅಲ್ಲಾಡಿಸಿದರೆ ನೀರಿನ ಸದ್ದು. ತಿಂಗಳುಗಳು ಕಳೆದಂತೆ ನೀರು ಇಂಗಿ ಸದ್ದು ನಿಲ್ಲುತ್ತದೆ, ಕಾಯಿ ಮೌನವಾಗುತ್ತದೆ. ಆಮೇಲೆ ಒಂದು ದಿನ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ಯಜಮಾನರು ಅಟ್ಟದಿಂದ ಕಾಯಿ ಇಳಿಸುವ ದಿನ ಪುಟ್ಟ ಗೋಡೆಗೆ ಒರಗಿ ಕೂರುತ್ತಾನೆ. ಒಂದೊಂದು ಕಾಯಿಯನ್ನೂ ಎರಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸುತ್ತಾನೆ. ಗಡಗಡ ಎಂದರೆ ನಗುತ್ತಾನೆ. ಇಲ್ಲವಾದರೆ ಇನ್ನೊಮ್ಮೆ ಅಲ್ಲಾಡಿಸಿ, ತುಸು ಹೊತ್ತು ಕಾಯ್ದು, ಪಕ್ಕಕ್ಕೆ ಇಡುತ್ತಾನೆ. ಮೂರು ನಾಲ್ಕು ಗಂಟೆ ಹೀಗೆಯೇ ಕೂತಿರುತ್ತಾನೆ. ಬೀದಿಯಲ್ಲಿ ಒಂದು ನಿಮಿಷ ನಿಲ್ಲದ ಹುಡುಗ ಇವನೇನಾ ಎಂದು ನನಗೇ ಅನ್ನಿಸುತ್ತದೆ. ಇದನ್ನು ಅವನ ಪ್ರತಿಭೆ ಎಂದು ಹೇಳಲು ಬರೆಯುತ್ತಿಲ್ಲ. ಅವನು ಆರಿಸಿ ಇಟ್ಟ ಕಾಯಿಗಳಲ್ಲಿ ಹಸಿಯವೂ ಇರುತ್ತವೆ. ಅದು ಅವನ ಸಂತೋಷ. ನಿಮ್ಮ ಮಗ ಕ್ರಿಕೆಟ್ ಆಡುವಾಗ ಪಡುವಂಥದ್ದೇ ಸಂತೋಷ.

‘ಇದು ಹೇಗೆ ಬಂತು’ ಎಂದು ನೀವು ಕೇಳುತ್ತಲೇ ಇರುತ್ತೀರಿ, ಅದಕ್ಕೂ ಒಮ್ಮೆ ಉತ್ತರ ಕೊಟ್ಟುಬಿಡುತ್ತೇನೆ. ನಾನು ಬಸುರಿಯಿದ್ದಾಗ ಗ್ರಹಣ ಹಿಡಿದ ಹೊತ್ತಿನಲ್ಲಿ ತರಕಾರಿ ಹೆಚ್ಚಿದೆ ಎಂದು ಒಬ್ಬರು. ಮನೆದೇವರಿಗೆ ಹರಕೆ ಉಳಿಸಿಕೊಂಡಿದ್ದೇವೆ ಎಂದು ಇನ್ನೊಬ್ಬರು. ಹಿಂದಿನ ಜನ್ಮದ ಕರ್ಮ ಎಂದು ಹಲವರು, ಅದೂ ನನ್ನ ಎದುರಿಗೇ, ನಾನು ಕೊಟ್ಟ ನೀರು ಕುಡಿಯುತ್ತ. ಓದಿದವರೂ ಇದಕ್ಕೆ ಹೊರತಲ್ಲ. 1950, 60ರ ದಶಕಗಳಲ್ಲಿ ಅಮೆರಿಕದಂಥ ದೇಶದಲ್ಲಿಯೂ ದೊಡ್ಡ ದೊಡ್ಡ ವೈದ್ಯರು ತಾಯಿಯ ಪ್ರೀತಿ ಸಾಲದೆ ಮಗುವಿಗೆ ಆಟಿಸಂ ಬರುತ್ತದೆ ಎಂದು ಬರೆದರು, ತಾಯಂದಿರು ಅದನ್ನು ನಂಬಿ ಕೊರಗಿದರು. ಆಮೇಲೆ ಅದು ಶುದ್ಧ ಸುಳ್ಳು ಎಂದು ಸಾಬೀತಾಯಿತು. ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ವ್ಯತ್ಯಾಸ. ವಂಶವಾಹಿಗಳ ಪಾತ್ರ ಅದರಲ್ಲಿ ದೊಡ್ಡದು. ಅದು ಅಂಟುವುದಿಲ್ಲ. ನಿಮ್ಮ ಮಗು ಅವನ ಪಕ್ಕ ಕೂತು ಊಟ ಮಾಡಿದರೆ, ಅವನು ಮುಟ್ಟಿದ ಚೆಂಡನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಬಸುರಿ ಹೆಂಗಸರು ಅವನನ್ನು ಕಂಡು ಸೆರಗು ಮುಚ್ಚಿಕೊಂಡು ಸರಿಯುವುದನ್ನು ನಾನು ನೋಡಿದ್ದೇನೆ. ತಂಗಿಯರೇ, ಅವನ ನೋಟ ನಿಮ್ಮ ಹೊಟ್ಟೆಯ ಕೂಸಿಗೆ ತಾಕುವುದಿಲ್ಲ. ನೀವು ಸರಿದದ್ದು ಮಾತ್ರ ನನಗೆ ತಾಕುತ್ತದೆ.

ಈಗ ಜಾತ್ರೆಯ ವಿಷಯಕ್ಕೆ ಬರುತ್ತೇನೆ. ಈ ಪತ್ರದ ಬೇರು ಅಲ್ಲಿದೆ.

ಕಳೆದ ವರ್ಷದ ಜಾತ್ರೆಗೆ ಒಂದು ತಿಂಗಳ ಮೊದಲಿನಿಂದ ನಮ್ಮ ಯಜಮಾನರು ಪುಟ್ಟನಿಗೆ ಒಂದು ಪಾಠ ಹೇಳಿಕೊಟ್ಟರು. ಸಂಜೆ ತೋಟದಿಂದ ಬಂದವರು ಅವನ ಕೈಗೆ ಒಂದು ಬಾಳೆಹಣ್ಣು ಕೊಡುವುದು, ಹಿತ್ತಲಿನ ತೆಂಗಿನ ಮರವನ್ನು ತೇರು ಎಂದು ತೋರಿಸಿ ಎಸೆಯಲು ಹೇಳುವುದು. ಮೊದಲ ವಾರ ಅವನು ಹಣ್ಣನ್ನು ತಿಂದುಬಿಡುತ್ತಿದ್ದ. ಎರಡನೆಯ ವಾರ ಕಾಲಬುಡಕ್ಕೆ ಹಾಕುತ್ತಿದ್ದ. ಕೊನೆಯ ವಾರದಲ್ಲಿ ಮರಕ್ಕೆ ತಾಕುವಂತೆ ಎಸೆದ. ಎಸೆದು ಅಪ್ಪನ ಮುಖ ನೋಡಿದ. ಮುಖ ನೋಡುವುದು ಅವನಿಗೆ ಎಷ್ಟು ಕಷ್ಟ ಎಂದು ತಿಳಿದವರಿಗೆ ಮಾತ್ರ ಆ ಸಂಜೆ ನಮ್ಮ ಮನೆಯಲ್ಲಿ ಏಕೆ ಪಾಯಸ ಮಾಡಿದೆವು ಎಂಬುದು ಅರ್ಥವಾದೀತು.

ತೇರಿನ ಹಿಂದಿನ ದಿನ ಅವನನ್ನು ಕರೆದುಕೊಂಡು ಹೋಗಿ ತೇರನ್ನು ತೋರಿಸಿದೆವು. ಬಾವುಟ ಕಟ್ಟುತ್ತಿದ್ದರು, ಬಾಳೆಕಂದು ಇನ್ನೂ ಗಾಡಿಯಲ್ಲಿತ್ತು. ಪುಟ್ಟ ನೇರವಾಗಿ ಗಾಲಿಯ ಹತ್ತಿರ ಹೋದ. ಗಾಲಿ ಎಂದರೆ ಅವನಿಗೆ ಪ್ರಾಣ. ಮರದ ಗಾಲಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತ. ಅಲ್ಲಿ ಕೆಲಸ ಮಾಡುತ್ತಿದ್ದ ಬಡಗಿ ಏನೂ ಅನ್ನಲಿಲ್ಲ, ಉಳಿ ಸುತ್ತಿಗೆಯನ್ನು ಅವನ ಕೈಗೆ ಸಿಗದಂತೆ ಸರಿಸಿಟ್ಟು ತನ್ನ ಪಾಡಿಗೆ ತಾನು ಕೆಲಸ ಮುಂದುವರಿಸಿದರು. ಆ ಹಿರಿಯರಿಗೆ ನಾನು ಇಂದಿಗೂ ಋಣಿ.

ಮರುದಿನ ತೇರು ಎಳೆಯುವ ಹೊತ್ತು. ಕಿವಿಗೆ ಹಾಕುವ ಮುಚ್ಚಳ ಹಾಕಿದ್ದೆವು. ತಮಟೆ, ಅರೆ, ನಗಾರಿ ಒಟ್ಟಿಗೆ ಬಾರಿಸತೊಡಗಿದಾಗ ನಾನು ಹೆದರಿದೆ, ಅವನು ಹೆದರಲಿಲ್ಲ. ತೇರು ಅಲುಗಿತು, ಗಾಲಿ ಉರುಳಿತು. ಹಿಂದಿನ ದಿನ ತಾನು ಕೆನ್ನೆ ಒತ್ತಿ ನಿಂತಿದ್ದ ಆ ಗಾಲಿ ಉರುಳಿದ್ದನ್ನು ಕಂಡು ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಕೂಗಿದ. ಅವನ ಕೂಗು ದೊಡ್ಡದು, ಕೀರಲು, ಮೊದಲ ಸಲ ಕೇಳಿದವರಿಗೆ ಎದೆ ಝಲ್ಲೆನ್ನುತ್ತದೆ. ಕೂಗಿ ಎರಡು ಹೆಜ್ಜೆ ಮುಂದಕ್ಕೆ ಓಡಿದ. ಯಜಮಾನರು ಹಿಡಿದುಕೊಂಡರು. ಅಷ್ಟೇ ಆದದ್ದು. ಆಗ ಸಮಿತಿಯ ಒಬ್ಬರು ಹೇಳಿದರು: ‘ತೇರಿನ ಮುಂದೆ ಅಪಶಕುನ. ಇದನ್ನು ಯಾರು ಇಲ್ಲಿಗೆ ಕರೆದುಕೊಂಡು ಬಂದದ್ದು?’

ಗಾಲಿಯ ಹತ್ತಿರ ಮಗು ಓಡಿದರೆ ಹೆದರುವುದು ಸರಿ, ಗದರುವುದೂ ಸರಿ. ನನ್ನ ಮಗನೇ ಆದರೂ, ಪಕ್ಕದ ಮನೆಯ ಮಗುವೇ ಆದರೂ ನಾನೂ ಗದರುತ್ತಿದ್ದೆ. ಆದರೆ ‘ಇದನ್ನು’ ಎಂದದ್ದು ಏಕೆ? ನಮ್ಮ ಭಾಷೆಯಲ್ಲಿ ಎಳೆಯ ಕೂಸನ್ನು ಅದು, ಇದು ಎನ್ನುತ್ತೇವೆ, ಅದರಲ್ಲಿ ಮುದ್ದು ಇರುತ್ತದೆ. ಮೀಸೆ ಚಿಗುರುವ ವಯಸ್ಸಿಗೆ ಹತ್ತಿರವಾದ ಹುಡುಗನನ್ನು ಇದು ಎಂದರೆ ಅದರಲ್ಲಿ ಮುದ್ದಿಲ್ಲ. ದನ ಕರುವಿಗೂ ನಾವು ಹೆಸರಿಟ್ಟು ಕರೆಯುತ್ತೇವೆ. ನಮ್ಮ ಹಟ್ಟಿಯ ಹಸುವಿಗೆ ಗೌರಿ ಎಂದು ಹೆಸರಿದೆ, ಊರಿನ ಮಕ್ಕಳೆಲ್ಲ ಗೌರಿ ಎಂದೇ ಕರೆಯುತ್ತಾರೆ. ನನ್ನ ಮಗನಿಗೂ ಹೆಸರಿದೆ.

ಸುತ್ತ ನಿಂತವರಲ್ಲಿ ಒಬ್ಬರಾದರೂ ಏನಾದರೂ ಹೇಳುತ್ತಾರೆ ಎಂದು ಕಾಯ್ದೆವು. ನಮ್ಮ ಬೀದಿಯವರಿದ್ದರು, ನೆಂಟರಿದ್ದರು. ಎಲ್ಲರೂ ತೇರಿನ ಕಡೆ ನೋಡಿದರು. ನಾವು ಮನೆಗೆ ಬಂದೆವು. ಚಾವಡಿಯಲ್ಲಿ ಕೂರಿಸಿ ಕಿವಿಯ ಮುಚ್ಚಳ ತೆಗೆದಾಗ ನೋಡಿದೆ, ಅವನ ಬಲಗೈ ಬಿಗಿಯಾಗಿ ಮುಚ್ಚಿತ್ತು. ಬಿಡಿಸಿದರೆ ಎಸೆಯದೆ ಉಳಿದ ಬಾಳೆಹಣ್ಣು, ಅಂಗೈಯಲ್ಲಿ ಹಿಂಡಿ ಹೋಗಿ, ಬೆರಳ ಸಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು, ದವನದ ಒಂದು ಎಸಳು ಅದಕ್ಕೆ ಅಂಟಿತ್ತು. ಯಜಮಾನರು ಅವನ ಕೈ ತೊಳೆದರು. ಆ ದಿನ ಅವರು ಊಟ ಮಾಡಲಿಲ್ಲ.

ಕಾನೂನು ಗೊತ್ತಿಲ್ಲದೆ ಸುಮ್ಮನಿದ್ದೆವು ಎಂದು ಭಾವಿಸಬೇಡಿ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳು ಮಾತ್ರ ಇದ್ದವು, ಆಟಿಸಂನ ಹೆಸರೇ ಇರಲಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿತು, ಅದರಲ್ಲಿ ನನ್ನ ಮಗನೂ ಸೇರಿದ. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಸಾರ್ವಜನಿಕರ ಎದುರು ವಿಕಲಚೇತನ ವ್ಯಕ್ತಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎಂದು 92ನೆಯ ಕಲಂ ಹೇಳುತ್ತದೆ. ದೂರು ಕೊಡಿ ಎಂದು ತಿಪಟೂರಿನಲ್ಲಿ ನಮಗೆ ಬುದ್ಧಿ ಹೇಳಿದವರಿದ್ದರು. ಕೊಡಲಿಲ್ಲ. ದೂರು ಕೊಟ್ಟರೆ ಪೊಲೀಸರು ಬರುತ್ತಾರೆ, ಒಬ್ಬರು ಠಾಣೆಗೆ ಹೋಗುತ್ತಾರೆ, ಊರು ಎರಡಾಗುತ್ತದೆ. ಆಮೇಲೂ ನನ್ನ ಮಗ ಅದೇ ಬೀದಿಯಲ್ಲಿ ನಡೆಯಬೇಕು. ಅದೇ ಕಾಯ್ದೆ ಸಮುದಾಯದ ನಡುವೆ ಬಾಳುವುದು ವಿಕಲಚೇತನರ ಹಕ್ಕು ಎಂದೂ ಹೇಳುತ್ತದೆ. ನನಗೆ ಬೇಕಾಗಿರುವುದು ಆ ಕಲಂ. ಅದನ್ನು ಕೋರ್ಟು ಕೊಡಿಸಲಾರದು, ನೀವು ಕೊಡಬೇಕು.

ಮೇಷ್ಟ್ರುಗಳಲ್ಲಿ ಒಂದು ಮಾತು. ಆರರಿಂದ ಹದಿನೆಂಟು ವರ್ಷದವರೆಗೆ ಇಂಥ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹಾಜರಿ ಪುಸ್ತಕದಲ್ಲಿ ಪುಟ್ಟನ ಹೆಸರು ಇದೆ. ಗೃಹಾಧಾರಿತ ಶಿಕ್ಷಣ ಎಂದು ಬರೆದುಕೊಂಡಿದ್ದೀರಿ. ಹಾಸಿಗೆಯಿಂದ ಏಳಲಾಗದ ಮಗುವಿಗೆ ಮನೆಯಲ್ಲಿಯೇ ಪಾಠ ಹೇಳಲಿ ಎಂದು ಮಾಡಿದ ಏರ್ಪಾಡು ಅದು. ಓಡಾಡುವ ನನ್ನ ಮಗನನ್ನು ಮನೆಯಲ್ಲಿ ಇರಿಸಲು ಅದನ್ನು ಬಳಸಬೇಡಿ. ಕಲಿಸುವವರ ಕಷ್ಟ ನನಗೆ ತಿಳಿಯದ್ದಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಬ್ಲಾಕಿನ ವಿಶೇಷ ಶಿಕ್ಷಕರು ಎಷ್ಟು ಊರು ಸುತ್ತಬೇಕು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಷರ ಕಲಿಸಿ ಎಂದು ಈಗಲೇ ಕೇಳುವುದಿಲ್ಲ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಸಾಲಿನಲ್ಲಿ ಕೂರಿಸಿಕೊಳ್ಳಿ, ಬೇಕಾದರೆ ನಾನು ಪಕ್ಕದಲ್ಲಿ ಕೂರುತ್ತೇನೆ. ಅವನ ವಯಸ್ಸಿನ ಮಕ್ಕಳು ಅವನನ್ನು ಈಗ ನೋಡಿ ರೂಢಿ ಮಾಡಿಕೊಳ್ಳದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಅವರೇ ಜಾತ್ರಾ ಸಮಿತಿಯಲ್ಲಿ ಇರುತ್ತಾರೆ.

ಶಾಲೆಯ ಮುಂದೆ ಗಾಲಿಕುರ್ಚಿ ಹತ್ತಲೆಂದು ಇಳಿಜಾರು ಕಟ್ಟಿಸಿದ್ದೀರಿ. ಚುನಾವಣೆಯ ದಿನ ಮುದುಕರು ಅದರ ಮೇಲೆ ಹತ್ತಿ ಹೋಗಿ ಮತ ಹಾಕುತ್ತಾರೆ. ಉಳಿದ ದಿನ ಮಕ್ಕಳು ಜಾರುಬಂಡೆ ಆಡುತ್ತಾರೆ. ಆದರೆ ಅದು ಯಾರಿಗಾಗಿ ಬೇಕಿತ್ತೋ ಆ ಹುಡುಗಿ ನಮ್ಮ ಪಂಚಾಯಿತಿಯ ಇನ್ನೊಂದು ಹಳ್ಳಿಯಲ್ಲಿ ಒಳಕೋಣೆಯಲ್ಲಿ ಇದ್ದಾಳೆ. ಅವಳಿಗೆ ಸೆರೆಬ್ರಲ್ ಪಾಲ್ಸಿ, ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಗಾಳಿ ಸಾಲದೆ ಆದದ್ದು ಎಂದು ವೈದ್ಯರು ಹೇಳಿದ್ದಾರಂತೆ. ಹದಿನಾಲ್ಕು ವರ್ಷದ ಹುಡುಗಿಯನ್ನು ತಾಯಿ ಕಂಕುಳಲ್ಲಿ ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಾಳೆ. ಆ ತಾಯಿಯ ಸೊಂಟ ಬಿದ್ದು ಹೋಗಿದೆ. ಹುಡುಗಿಗೆ ಎಲ್ಲ ಅರ್ಥವಾಗುತ್ತದೆ. ನಾನು ಹೋದಾಗ ನನ್ನ ಸೀರೆಯ ಬಣ್ಣ ನೋಡಿ ನಗುತ್ತಾಳೆ, ಕಷ್ಟಪಟ್ಟು ಒಂದು ಮಾತು ಹೊರಡಿಸುತ್ತಾಳೆ. ಅವಳ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವಳನ್ನು ನೆರೆಮನೆಯಲ್ಲಿ ಬಚ್ಚಿಟ್ಟಿದ್ದರು. ಇದನ್ನು ಹೇಳುವಾಗ ಆ ತಾಯಿ ಅಳಲಿಲ್ಲ. ‘ದೊಡ್ಡವಳಿಗೆ ಒಂದು ದಾರಿಯಾಗಬೇಕಲ್ಲ ಅಕ್ಕಾ’ ಎಂದಳು. ನಾನು ಏನು ಹೇಳಲಿ?

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಎಂದು ಲೆಕ್ಕವಾಯಿತು. ಆಗಲೇ ಬಚ್ಚಿಟ್ಟವರು ಎಷ್ಟು ಮಂದಿಯೋ, ಆ ಲೆಕ್ಕದಲ್ಲಿ ಅವರಿಲ್ಲ. ಇಷ್ಟೊಂದು ಜನ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನಿಮ್ಮ ಕಣ್ಣಿಗೆ ಬಿದ್ದಿದ್ದಾರೆಯೇ? ಬೀಳದಿದ್ದರೆ ಅವರೆಲ್ಲ ಯಾವ ಬಾಗಿಲ ಹಿಂದೆ ಇದ್ದಾರೆ ಎಂದು ಒಂದು ಗಳಿಗೆ ಯೋಚಿಸಿ. ಬಾಗಿಲು ಹಾಕಿಕೊಂಡವರು ನಾವೇ, ತಂದೆ ತಾಯಿಯರೇ. ಹೊರಗೆ ಬಂದಾಗ ಏನಾಗುತ್ತದೆ ಎಂದು ಒಮ್ಮೆ ನೋಡಿ ಹಾಕಿಕೊಂಡೆವು.

ಕನಿಕರ ತೋರಿಸುವವರಿಗೆ ನಮ್ಮೂರಿನಲ್ಲಿ ಬರವಿಲ್ಲ. ಅಯ್ಯೋ ಪಾಪ ಎಂದು ಅವನ ಕೈಗೆ ಹತ್ತು ರೂಪಾಯಿ ಇಡುತ್ತೀರಿ. ವಿಕಲಚೇತನರ ದಿನ ಎಂದು ಡಿಸೆಂಬರ್ 3ರಂದು ಹಣ್ಣು ಹಂಚುತ್ತೀರಿ. ಹಾಗೆಯೇ ಇನ್ನೊಂದು ಮಾತು ಪದೇ ಪದೇ ಕೇಳಿ ಬರುತ್ತದೆ: ‘ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಟ್ಟಿರುತ್ತಾನೆ, ಇವನಲ್ಲಿಯೂ ಏನೋ ಒಂದು ಇರುತ್ತದೆ ನೋಡಿ.’ ಗದಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆ ಕೊಡುತ್ತೀರಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ, ನಾಡೇ ಅವರ ಕಾಲಿಗೆ ಬಿದ್ದಿತು. ಹಾಸನದ ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತಕ್ಕೆ ಬೆಳ್ಳಿ ತಂದರು. ನಿಜ, ಎಲ್ಲವೂ ನಿಜ, ನನಗೂ ಅವರೆಂದರೆ ಭಕ್ತಿ, ಹೆಮ್ಮೆ. ಆದರೆ ಗದಗಿನ ಆಶ್ರಮದ ದೊಡ್ಡತನವನ್ನು ನಾನು ಬೇರೆಯೇ ರೀತಿಯಲ್ಲಿ ನೋಡುತ್ತೇನೆ. ಕುರುಡು ಮಗುವನ್ನು ಕರೆದುಕೊಂಡು ಬಾಗಿಲಿಗೆ ಬಂದವರಿಗೆ ಅಲ್ಲಿ ಮೊದಲು ಸಿಕ್ಕಿದ್ದು ಅನ್ನ ಮತ್ತು ಜಾಗ. ಸಂಗೀತ ಆಮೇಲೆ ಬಂತು. ಬಂದ ಪ್ರತಿ ಮಗುವೂ ಗವಾಯಿ ಆಗಿರಲಾರದು. ನನ್ನ ಮಗ ಹಾಡುವುದಿಲ್ಲ, ಜಿಗಿಯುವುದಿಲ್ಲ, ದೊಡ್ಡ ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಬಿಡಿಸುವುದಿಲ್ಲ. ಅವನು ಹೀಗೆಯೇ ಇರುತ್ತಾನೆ. ಏನೂ ಸಾಧಿಸದ ನಿಮ್ಮ ಎಷ್ಟೋ ಮಕ್ಕಳಿಗೆ ಪಂಕ್ತಿಯಲ್ಲಿ ಎಲೆ ಹಾಕುತ್ತೀರಿ. ನನ್ನ ಮಗ ಮಾತ್ರ ಎಲೆಗಾಗಿ ಪದಕ ತರಬೇಕೇ?

ಊರೆಲ್ಲ ಒಂದೇ ಥರ ಇದೆ ಎಂದು ಬರೆದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ನಮ್ಮೂರಿನಲ್ಲಿ ಕ್ಷೌರದ ಅಂಗಡಿ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ. ಪುಟ್ಟನಿಗೆ ಕೂದಲು ಕತ್ತರಿಸುವುದೆಂದರೆ ಒಂದು ಕಾಲಕ್ಕೆ ಯುದ್ಧ. ಮಷೀನಿನ ಸದ್ದು ಅವನಿಗೆ ಆಗುವುದಿಲ್ಲ, ಕುತ್ತಿಗೆಗೆ ಬಟ್ಟೆ ಕಟ್ಟಿದರೆ ಆಗುವುದಿಲ್ಲ, ಯಾರಾದರೂ ಪಕ್ಕದ ಕುರ್ಚಿಯಲ್ಲಿದ್ದರೆ ಆಗುವುದಿಲ್ಲ. ಆ ಅಣ್ಣ ಒಂದು ದಿನ ತಾವಾಗಿಯೇ ಹೇಳಿದರು, ‘ಮಂಗಳವಾರ ಕರೆದುಕೊಂಡು ಬನ್ನಿ’ ಎಂದು. ಮಂಗಳವಾರ ಅಂಗಡಿಗೆ ರಜೆ. ಅವರು ಅರ್ಧ ಬಾಗಿಲು ತೆರೆದು ಕಾಯುತ್ತಾರೆ. ರೇಡಿಯೋ ಇಲ್ಲ, ಫ್ಯಾನ್ ಇಲ್ಲ, ಮಷೀನ್ ಇಲ್ಲ. ಮೊದಲು ಕತ್ತರಿಯನ್ನು ಅವನ ಕೈಗೆ ಕೊಟ್ಟು ಗಾಳಿಯಲ್ಲಿ ಎರಡು ಸಲ ಆಡಿಸಲು ಬಿಡುತ್ತಾರೆ. ಆಮೇಲೆ ಕೈಗನ್ನಡಿ ಕೊಡುತ್ತಾರೆ. ಅವನು ಕನ್ನಡಿಯ ಬೆಳಕನ್ನು ಗೋಡೆಯ ಮೇಲೆ ಓಡಿಸುತ್ತ ಕೂತಿರುವಾಗ ಹತ್ತು ಕತ್ತರಿ, ಸ್ವಲ್ಪ ಬಿಡುವು, ಮತ್ತೆ ಹತ್ತು ಕತ್ತರಿ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಎಲ್ಲರಿಗೆ ತೆಗೆದುಕೊಳ್ಳುವಷ್ಟೇ ದುಡ್ಡು ತೆಗೆದುಕೊಳ್ಳುತ್ತಾರೆ. ಬೇಡ ಎಂದು ಒಂದು ಸಲವೂ ಹೇಳಿಲ್ಲ. ಅದಕ್ಕಾಗಿ ನಾನು ಅವರನ್ನು ಇನ್ನೂ ಹೆಚ್ಚು ಗೌರವಿಸುತ್ತೇನೆ, ಪುಟ್ಟ ಅವರಿಗೆ ಗಿರಾಕಿ, ಭಿಕ್ಷೆಯವನಲ್ಲ.

ತಿಪಟೂರಿನ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಅವನಿಗಾಗಿ ಕಿಟಕಿಯ ಸೀಟು ಬಿಡಿಸಿಕೊಡುತ್ತಾರೆ. ಅಂಗನವಾಡಿಯ ಟೀಚರ್ ಇಂದಿಗೂ ಬೀದಿಯಲ್ಲಿ ಸಿಕ್ಕರೆ ಮೊದಲು ಅವನನ್ನು ಮಾತನಾಡಿಸುತ್ತಾರೆ, ಆಮೇಲೆ ನನ್ನನ್ನು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ‘ಏನಪ್ಪಾ, ತಿಂಡಿ ಆಯಿತಾ’ ಎಂದು ಕೇಳಿ, ಉತ್ತರಕ್ಕೆ ಬೇಕಾದಷ್ಟು ಹೊತ್ತು ನಿಲ್ಲುತ್ತಾರೆ. ಇವರು ಯಾರೂ ತರಬೇತಿ ಪಡೆದವರಲ್ಲ.

ಅಧ್ಯಕ್ಷರೇ, ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕೆಂಬ ನಿಯಮ ನಿಮಗೆ ಗೊತ್ತಿದೆ. ಆ ದುಡ್ಡು ಪ್ರತಿ ವರ್ಷ ಯಾವುದಕ್ಕೆ ಹೋಯಿತು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿಸಿ. ಒಳಕೋಣೆಯಲ್ಲಿರುವ ಆ ಹುಡುಗಿಗೆ ಅವಳ ಮೈಗೆ ತಕ್ಕ ಗಾಲಿಕುರ್ಚಿ ಬೇಕು, ಕ್ಯಾಂಪಿನಲ್ಲಿ ಸಾಲಾಗಿ ನಿಲ್ಲಿಸಿ ಹಂಚುವಂಥದ್ದಲ್ಲ. ವಿಕಲಚೇತನರಿಗಾಗಿ ವಿಶೇಷ ಗ್ರಾಮಸಭೆ ಕರೆದರೆ ಅದನ್ನು ತಮಟೆ ಹೊಡೆಸಿ, ಮನೆಮನೆಗೆ ಹೇಳಿಸಿ ಕರೆಯಿರಿ. ಪುನರ್ವಸತಿ ಕಾರ್ಯಕರ್ತರು ಒಬ್ಬರೇ ಮನೆ ಮನೆ ಅಲೆಯುತ್ತಾರೆ, ಅವರ ಜೊತೆ ಒಬ್ಬ ಸದಸ್ಯರಾದರೂ ನಮ್ಮ ಬಾಗಿಲಿಗೆ ಬರಲಿ. ವಿಶಿಷ್ಟ ಗುರುತಿನ ಚೀಟಿ ಪುಟ್ಟನ ಹತ್ತಿರ ಇದೆ. ಅದರಲ್ಲಿ ಅವನ ಫೋಟೋ, ವೈಕಲ್ಯದ ಶೇಕಡಾವಾರು ಎಲ್ಲ ಇದೆ. ಭಾರತ ಸರ್ಕಾರ ಅವನನ್ನು ಗುರುತಿಸಿದೆ. ಅವನ ಬೀದಿ ಇನ್ನೂ ಗುರುತಿಸಬೇಕು.

ಜಾತ್ರಾ ಸಮಿತಿಯವರೇ, ಈ ವರ್ಷವೂ ನಾವು ಬರುತ್ತೇವೆ. ಮೊದಲೇ ಹೇಳುತ್ತಿದ್ದೇನೆ. ತೇರು ಹೊರಡುವ ಹೊತ್ತು ಇಂಥದ್ದು ಎಂದು ಹಿಂದಿನ ದಿನ ತಿಳಿಸಿ, ಎರಡು ಗಂಟೆ ಕಾಯುವುದು ಅವನಿಂದ ಆಗದು. ಗಾಲಿಯಿಂದ ದೂರ, ಹಗ್ಗದ ಆಚೆ, ಶಾಲೆಯ ಕಟ್ಟೆಯ ಮೇಲೆ ನಿಲ್ಲುತ್ತೇವೆ. ಯಜಮಾನರು ಅವನ ಸೊಂಟ ಹಿಡಿದಿರುತ್ತಾರೆ. ಅವನು ಕೂಗುತ್ತಾನೆ. ಕೂಗಲಿ. ತೇರು ಕಂಡು ನೀವೂ ಕೂಗುತ್ತೀರಿ, ನಿಮ್ಮ ಕೂಗಿಗೆ ಮಾತಿನ ಆಕಾರ ಇದೆ, ಅವನದಕ್ಕಿಲ್ಲ. ದೇವಿಗೆ ಎರಡೂ ತಲುಪುತ್ತವೆ ಎಂದು ನಾನು ನಂಬಿದ್ದೇನೆ. ಬಾಳೆಹಣ್ಣು ಎಸೆಯುವ ಪಾಠ ಈಗಾಗಲೇ ಮತ್ತೆ ಶುರುವಾಗಿದೆ.

ನಮ್ಮಂಥ ತಂದೆ ತಾಯಿಯರ ಎದೆಯಲ್ಲಿ ರಾತ್ರಿ ಏಳುವ ಪ್ರಶ್ನೆ ಒಂದೇ, ನಾವು ಹೋದ ಮೇಲೆ ಯಾರು ಎಂಬುದು. ಅದಕ್ಕೂ ಸರ್ಕಾರ ಒಂದು ದಾರಿ ಮಾಡಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ, ಹದಿನೆಂಟು ತುಂಬಿದ ಮೇಲೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸಮಿತಿ ಜಿಲ್ಲಾಧಿಕಾರಿಗಳ ಕೈಕೆಳಗೆ ಇದೆ. ಏಳು ವರ್ಷದ ನಂತರ ತುಮಕೂರಿಗೆ ಹೋಗಿ ಅರ್ಜಿ ಹಾಕುತ್ತೇವೆ. ಆ ಅರ್ಜಿಯಲ್ಲಿ ಪೋಷಕರ ಹೆಸರು ಬರೆಯಬೇಕು. ಯಾರ ಹೆಸರು ಬರೆಯಲಿ? ಅವನು ಜ್ವರ ಬಂದು ಮಲಗಿದ್ದಾನೆ ಎಂದು ಮುಖ ನೋಡಿಯೇ ತಿಳಿಯುವವರು, ಅವನಿಗೆ ಅನ್ನಕ್ಕೆ ತಿಳಿಸಾರು ಮಾತ್ರ ಆಗುತ್ತದೆ ಎಂದು ಗೊತ್ತಿರುವವರು, ಅವನ ಕೂಗಿನಲ್ಲಿ ನೋವು ಯಾವುದು, ಸಂತೋಷ ಯಾವುದು ಎಂದು ಬಲ್ಲವರು ನಮ್ಮಿಬ್ಬರನ್ನು ಬಿಟ್ಟು ಈ ಊರಿನಲ್ಲಿ ಒಬ್ಬರಾದರೂ ಆಗ ಇರಬೇಕು. ಮದುವೆಗೆ, ಜಾತ್ರೆಗೆ, ಶಾಲೆಗೆ ಅವನು ಬರದೆ, ನಿಮಗೆ ಇದೆಲ್ಲ ತಿಳಿಯುವುದು ಹೇಗೆ?

ಅತ್ತೆ, ಇದನ್ನು ನಿಮ್ಮ ಮೊಮ್ಮಗಳು ಮೊಬೈಲಿನಲ್ಲಿ ಓದಿ ಹೇಳುತ್ತಾಳೆ ಎಂದು ನನಗೆ ಗೊತ್ತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಚಪ್ಪರದ ದಿನವೇ ಬರುತ್ತೇವೆ, ಮೂವರೂ. ವಾಲಗದವರು ಕೂರುವ ಕಡೆಯಿಂದ ದೂರ, ಹಿತ್ತಲ ಬಾಗಿಲ ಹತ್ತಿರ ನಮಗೆ ಜಾಗ ಕೊಡಿ, ಅವನಿಗೆ ಸದ್ದು ಹೆಚ್ಚಾದರೆ ಹೊರಗೆ ಕರೆದುಕೊಂಡು ಹೋಗಿ ಬರುತ್ತೇನೆ. ಧಾರೆಯ ಹೊತ್ತಿಗೆ ಅವನ ಕೈಗೂ ನಾಲ್ಕು ಕಾಳು ಅಕ್ಷತೆ ಕೊಡಿ, ಎಸೆಯುವುದನ್ನು ಅವನು ಕಲಿತಿದ್ದಾನೆ. ಊಟಕ್ಕೆ ಮೊದಲ ಪಂಕ್ತಿಯಲ್ಲಿಯೇ ಕೂರಿಸಿ, ಹಸಿವು ತಡೆಯಲಾರ. ಪಾಯಸ ಬಡಿಸಬೇಡಿ, ಅನ್ನಕ್ಕೆ ತಾಕಿದರೆ ಎಲೆ ಬಿಟ್ಟು ಎದ್ದುಬಿಡುತ್ತಾನೆ. ನನ್ನ ಮತ್ತು ಅವನ ಅಪ್ಪನ ನಡುವೆ ಅವನ ಎಲೆ ಹಾಕಿಸಿ.

ಇಂತಿ,
ಪುಟ್ಟನ ತಾಯಿ